ಬೈರಾಸಿನ ಕಷಾಯ

ರಾಜೀವಿಯ ಕೆಲಸ ಕುಟ್ಟುವುದು. ಬೆಳಿಗ್ಗೆ ಎಂಟಕ್ಕೆ ಒನಕೆ ಹಿಡಿದರೆ ಕೆಳಗಿಡುವುದು ಸಂಜೆ ಐದೂವರೆಗೆ. ಕುಟ್ಟುವುದು ಭತ್ತ ಅಲ್ಲ, ಅವಲಕ್ಕಿ ಅಲ್ಲ, ಮರದ ತೊಗಟೆ. ಘಟ್ಟದ ಬುಡದ ಕಾಡಿನಿಂದ ವಾರಕ್ಕೆ ಎರಡು ಲಾರಿ ಬರುತ್ತಿತ್ತು. ಹಸಿ ಇರುವಾಗ ಅದಕ್ಕೆ ಹೆಗ್ಗಣ ಸತ್ತಂಥ ನಾತ. ಅಂಗಳದಲ್ಲಿ ಹರವಿ ಒಣಗಿಸಬೇಕು, ಕತ್ತಿಯಲ್ಲಿ ಕೊಚ್ಚಬೇಕು, ಒರಳಿಗೆ ಹಾಕಿ ಕುಟ್ಟಿ, ಜರಡಿ ಹಿಡಿದು ಮೈದಾ ಹಿಟ್ಟಿನಷ್ಟು ನುಣ್ಣಗೆ ಮಾಡಬೇಕು. ತರಿ ಉಳಿದರೆ ಲೆಕ್ಕ ಬರೆಯುವ ರೈಟರ್ ಚನಿಯಪ್ಪ ಪುನಃ ಒರಳಿಗೆ ಸುರಿಸುತ್ತಿದ್ದ.

ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಗೆ ಕೃಷ್ಣಕುಮಾರ ಧಣಿ ‘ಅಗರಬತ್ತಿಗೆ’ ಎಂದಿದ್ದರು. ಈ ನಾತದ ಊದುಬತ್ತಿ ಹಚ್ಚಿದರೆ ದೇವರು ಗುಡಿ ಬಿಟ್ಟು ಓಡಿಯಾನು ಎಂದು ಹೆಂಗಸರು ತಮ್ಮತಮ್ಮೊಳಗೆ ನಗಾಡಿದರು. ನಕ್ಕರು, ಕುಟ್ಟಿದರು. ಎಂಬತ್ತಮೂರನೆಯ ಇಸವಿಯ ಆ ಹೊತ್ತಿಗೆ ಬೀಡಿಯ ಎಲೆ ಸರಿಯಾಗಿ ಸಿಗುತ್ತಿರಲಿಲ್ಲ. ಎಲೆ ಇದ್ದರೆ ಹೊಗೆಸೊಪ್ಪು ಇಲ್ಲ, ಎರಡೂ ಇದ್ದರೆ ಕಟ್ಟಿದ ಬೀಡಿಯಲ್ಲಿ ಅರ್ಧ ಕಳಪೆ ಎಂದು ಬಿಸಾಡುವವರಿದ್ದರು. ಹಾಗಾಗಿ ನಾತ ಆದರೂ ಸರಿ, ಕೆಲಸ ಉಂಟಲ್ಲ ಎಂದು ಹನ್ನೊಂದು ಹೆಂಗಸರು ಬಂದು ಸೇರಿದ್ದರು.

ಗುರುವಾಯನಕೆರೆಯಿಂದ ಒಂದು ಮೈಲು ಒಳಗೆ, ಹಿಂದೆ ಕೊಬ್ಬರಿ ತುಂಬಿಸಿಡುತ್ತಿದ್ದ ಹಂಚಿನ ಗೋಡೌನು ಅದು. ಕಿಟಕಿ ಎರಡೇ. ಗಾಳಿ ಬಂದರೆ ಪುಡಿ ಹಾರಿ ನಷ್ಟವಾಗುತ್ತದೆ ಎಂದು ಅವೆರಡಕ್ಕೂ ಧಣಿ ಗೋಣಿ ಹೊಡೆಸಿದ್ದರು. ಪುಡಿ ಹಾರಬಾರದು, ಅಷ್ಟೇ. ಒಳಗಿದ್ದವರ ಉಸಿರು ಎಲ್ಲಿಗೆ ಹೋಗಬೇಕು ಎಂದು ಕೇಳಿದವರಿಲ್ಲ. ಹೆಂಗಸರು ಮೂಗುಬಾಯಿಗೆ ಬೈರಾಸು ಕಟ್ಟಿಕೊಳ್ಳುತ್ತಿದ್ದರು. ಮೈ ಒರಸುವ ತೆಳ್ಳಗಿನ ಚೌಕ, ಅದನ್ನೇ. ಅದೂ ಮನೆಯಿಂದ ತಂದದ್ದು. ಮಧ್ಯಾಹ್ನ ಗಂಜಿಗೆ ಬಿಚ್ಚಿದರೆ ಬಾಯಿಯ ಜಾಗದಲ್ಲಿ ಬಟ್ಟೆ ಒದ್ದೆಯಾಗಿ, ಆ ಒದ್ದೆಗೆ ಪುಡಿ ಕೆಸರಿನ ಹಾಗೆ ಮೆತ್ತಿಕೊಂಡಿರುತ್ತಿತ್ತು.

ನಾಲ್ಕು ತಿಂಗಳಾಗುವಾಗ ಎಲ್ಲರಿಗೂ ಹೊಟ್ಟೆ ಸರಿ ಇಲ್ಲ. ಒಬ್ಬಳಿಗೆ ಭೇದಿ ನಿಂತರೆ ಇನ್ನೊಬ್ಬಳಿಗೆ ಶುರು. ಜೈನಬಮ್ಮ ತಲೆವಸ್ತ್ರ ಬಿಚ್ಚಿ ಬಾಚಿದರೆ ಬಾಚಣಿಗೆ ತುಂಬ ಕೂದಲು.

“ಉಷ್ಣ ಮಾರಾಯ್ತಿ, ಒಳಗೆ ಸೆಕೆ ಅಲ್ವಾ,” ಎನ್ನುತ್ತಿದ್ದಳು ರಾಜೀವಿ. “ಕೊತ್ತಂಬರಿ ನೀರು ಕುಡಿ.”

“ಬಾವಿ ನೀರು ಪೂರಾ ಕುಡಿದಾಯ್ತು, ಇನ್ನೆಂತ ಕುಡಿಯುವುದು?” ಎನ್ನುತ್ತಿದ್ದಳು ಜೈನಬಮ್ಮ. ಇಬ್ಬರ ಒರಳೂ ಒಂದರ ಪಕ್ಕ ಒಂದು. ಒನಕೆ ಏಳುವುದು ಬೀಳುವುದು ಒಟ್ಟಿಗೆ.

ರಾಜೀವಿಗೆ ಸ್ವಂತ ಹೊಟ್ಟೆಯ ಚಿಂತೆ ಅಷ್ಟಿರಲಿಲ್ಲ. ಅವಳ ಜೀವ ಇದ್ದದ್ದು ಮನೆಯಲ್ಲಿ ಮಲಗಿದ್ದ ತಾಯಿಯ ಮೇಲೆ. ಗಂಡ ಬೊಂಬಾಯಿಯ ಹೋಟೆಲಿಗೆ ಹೋದವನು ಕಾಗದ ಹಾಕುವುದನ್ನೂ ಬಿಟ್ಟು ಆರು ವರ್ಷ. ಮಕ್ಕಳಿಲ್ಲ. ಲೋಕದಲ್ಲಿ ಅವಳಿಗೆ ಇದ್ದದ್ದು ತಾಯಿ ದೆಯ್ಯಕ್ಕು ಒಬ್ಬಳೇ. ಮೂವತ್ತು ವರ್ಷ ಬೀಡಿ ಕಟ್ಟಿ, ಅಷ್ಟೇ ವರ್ಷ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿದ ಬಾಯಿ ಅವಳದು. ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ತುಪ್ಪ ಹಚ್ಚಿದರೂ ವಾಸಿಯಾಗಲಿಲ್ಲ, ತುಂಬೆರಸ ಹಚ್ಚಿದರೂ ಇಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟ್ರಮ್ಮ ವಾಗ್ದೇವಿ ಟಾರ್ಚು ಬಿಟ್ಟು ನೋಡಿ ಮಂಗಳೂರಿಗೆ ಚೀಟಿ ಬರೆದರು. ಅಲ್ಲಿ ಒಂದು ಚೂರು ಕತ್ತರಿಸಿ ತೆಗೆದು, ಕ್ಯಾನ್ಸರ್ ಎಂದರು. ಹುಣ್ಣಿಗೆ ರೇಡಿಯೇಶನ್ನಿನ ಕರೆಂಟು ಕೊಡಬೇಕು, ಒಂದೂವರೆ ತಿಂಗಳು ಇಲ್ಲಿಯೇ ಇರಬೇಕು, ಜೊತೆಗೊಂದು ಜನ ಬೇಕು ಎಂದರು.

“ಜನ ಎಲ್ಲಿಂದ ತರುವುದು?” ಎಂದಳು ದೆಯ್ಯಕ್ಕು ವಾಪಸು ಬರುವ ಬಸ್ಸಿನಲ್ಲಿ. “ನೀನು ಅಲ್ಲಿ ಕೂತರೆ ಇಬ್ಬರೂ ಉಣ್ಣುವುದು ಎಂತ? ಕರೆಂಟು ಬೇಡ, ಗಿರೆಂಟು ಬೇಡ. ಮನೆಗೆ ಹೋಗುವ.”

ಮನೆಗೆ ಬಂದರು. ರಾಜೀವಿ ಮರುದಿನ ಒನಕೆ ಹಿಡಿದಳು. ತಾಯಿಯ ಬಾಯಿ ಒಂದೊಂದು ವಾರಕ್ಕೆ ಒಂದೊಂದು ಬೆರಳಗಲ ಮುಚ್ಚುತ್ತ ಬಂತು. ಗಂಜಿತೆಳಿ ಮಾತ್ರ ಒಳಗೆ ಹೋಗುತ್ತಿತ್ತು.

ಆಗ ಒಂದು ದಿನ ಧಣಿ, ಸಾಲ ಕೊಟ್ಟ ಬ್ಯಾಂಕಿನ ಮೆನೇಜರನ್ನು ಕರೆದುಕೊಂಡು ಬಂದರು. ಬಾಗಿಲಲ್ಲೇ ನಿಂತು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಒಳಗೆ ಕೈ ತೋರಿಸಿದರು.

“ಇದು ಇಲ್ಲಿ ಮರದ ಸಿಪ್ಪೆ ಸಾರ್. ಹೊರದೇಶಕ್ಕೆ ಹೋದರೆ ಚಿನ್ನ. ಇದರ ಸತ್ವ ತೆಗೆದು ಅವರು ಕ್ಯಾನ್ಸರಿಗೆ ಮದ್ದು ಮಾಡ್ತಾರಂತೆ.”

ರಾಜೀವಿಯ ಒನಕೆ ಮೇಲೆಯೇ ನಿಂತಿತು. ಪಕ್ಕದಲ್ಲಿ ಜೈನಬಮ್ಮನದೂ ನಿಂತಿತು.

“ಕೇಳಿತಾ?” ಎಂದಳು ಜೈನಬಮ್ಮ.

“ಕೇಳಿತು.”

ರಾಜೀವಿ ಒರಳಿನೊಳಗೆ ಬಗ್ಗಿ ನೋಡಿದಳು. ಎಂಟು ತಿಂಗಳಿಂದ ದೇವರು ಮದ್ದನ್ನು ತಂದು ತನ್ನ ಒರಳಿಗೇ ಹಾಕಿದ್ದಾನೆ, ತಾನು ಕುರುಡಿ, ಅದನ್ನು ಕುಟ್ಟಿ ಕುಟ್ಟಿ ಪರದೇಶಕ್ಕೆ ಕಳಿಸುತ್ತಿದ್ದೇನೆ! ಮೆನೇಜರು ಕಾರು ಹತ್ತಿದ್ದೇ ತಡ, ಅಂಗಳಕ್ಕೆ ಓಡಿ ಧಣಿಯ ಎದುರು ಕೈ ಮುಗಿದು ನಿಂತಳು.

“ಧಣಿ, ಅಮ್ಮನಿಗೆ ಆ ಕಾಯಿಲೆ. ನಿಮಗೆ ಗೊತ್ತುಂಟಲ್ಲ. ಒಂದು ಮುಷ್ಟಿ ಪುಡಿ ಕೊಡಿ, ದಮ್ಮಯ್ಯ.”

“ಯಾರು ಹೇಳಿದ್ದು ನಿನಗೆ ಇದು ಮದ್ದು ಅಂತ?”

“ನೀವೇ ಈಗ ಹೇಳಿದ್ದಲ್ವಾ?”

ಧಣಿಗೆ ಸಿಟ್ಟು ಬಂತು. “ದೊಡ್ಡವರು ಮಾತಾಡುವಾಗ ಕಿವಿ ಕೊಡುವುದು ಯಾವ ಬುದ್ಧಿ? ಇದು ಬರೀ ಹೊಟ್ಟು. ಹೋಗು, ಕೆಲಸ ನೋಡು.”

ಮರುದಿನದಿಂದ ಹೊಸ ನಿಯಮ. ಹೊರಡುವ ಹೊತ್ತಿಗೆ ಬಾಗಿಲಲ್ಲಿ ಒಂದು ತಾಡಪಾಲು ಹಾಸುತ್ತಿದ್ದರು. ಒಬ್ಬೊಬ್ಬಳೇ ಅದರ ಮೇಲೆ ನಿಂತು ಸೆರಗು ಕೊಡವಬೇಕು, ಜಡೆ ಬಿಚ್ಚಿ ಕೊಡವಬೇಕು. ಚನಿಯಪ್ಪ ತಲೆ ತಗ್ಗಿಸಿ ನಿಂತು ನೋಡುತ್ತಿದ್ದ. ಉದುರಿದ ಪುಡಿಯನ್ನು ಗುಡಿಸಿ, ಕೂದಲು ಹೆಕ್ಕಿ ಬಿಸಾಡಿ, ಚೀಲಕ್ಕೆ ತುಂಬಿಸುತ್ತಿದ್ದ. ಬರೀ ಹೊಟ್ಟಿಗೆ ಇಷ್ಟು ಕಾವಲು!

ಆದರೆ ಬೈರಾಸನ್ನು ಯಾರೂ ಕೊಡವಿಸಲಿಲ್ಲ. ಮೊದಲ ದಿನ ಒಬ್ಬಳು ಬಿಚ್ಚಲು ಹೊರಟಾಗ ಧಣಿ ಮುಖ ಕಿವಿಚಿ, “ಛೀ, ಎಂಜಲು ಬಟ್ಟೆ. ಅದನ್ನು ಮಾಲಿಗೆ ತಾಗಿಸಬೇಡ,” ಎಂದರು. ಜೊಲ್ಲು ತಾಗಿದ ಬಟ್ಟೆ, ಅದೂ ಇಂಥವರ ಜೊಲ್ಲು.

ರಾಜೀವಿಗೆ ದಾರಿ ಕಂಡದ್ದು ಅಲ್ಲಿ. ಮನೆಗೆ ಬಂದವಳೇ ಮಣ್ಣಿನ ಬೋಗುಣಿಯಲ್ಲಿ ನೀರು ಹಾಕಿ ಬೈರಾಸನ್ನು ನೆನೆಹಾಕಿದಳು, ಹಿಂಡಿದಳು. ನೀರು ಕಂದು ಬಣ್ಣಕ್ಕೆ ತಿರುಗಿತು. ಒಲೆಯ ಮೇಲಿಟ್ಟು ಕುದಿಸಿ ಅರ್ಧಕ್ಕೆ ಇಳಿಸಿ, ಬೆಲ್ಲ ಹಾಕಿ ತಾಯಿಯ ತುಟಿಗೆ ಹಿಡಿದಳು.

“ಎಂತ ಇದು?”

“ಮದ್ದು. ಕೇಳಬಾರದು.”

ದೆಯ್ಯಕ್ಕು ಕೇಳಲಿಲ್ಲ. ನಮ್ಮ ಕಡೆ ನಾಟಿ ಮದ್ದಿಗೆ ಅದೊಂದು ಕಟ್ಟು. ಯಾವ ಗಿಡ, ಯಾರು ಕೊಟ್ಟದ್ದು ಎಂದು ಬಾಯಿ ಬಿಟ್ಟರೆ ಮದ್ದಿನ ಗುಣ ಹೋಗುತ್ತದೆ. ಇಂಗ್ಲಿಷ್ ಡಾಕ್ಟರಿಗಂತೂ ಹೇಳಲೇಬಾರದು. ಇನ್ನೊಂದು ಮಾತೂ ಉಂಟು: ಮದ್ದು ಹಿಡಿಯಿತು ಎಂದು ಗೊತ್ತಾಗುವುದು ಹೊಟ್ಟೆ ತೊಳೆದಾಗ. ವಾಂತಿಯೋ ಭೇದಿಯೋ ಆಗಿ ಒಳಗಿನ ನಂಜು ಹೊರಗೆ ಬರಬೇಕು. ಅಜ್ಜಿಯಂದಿರು ಹಾಗೆ ನೋಡಿದವರು, ಅವರ ಮಕ್ಕಳು ಹಾಗೆ ನಂಬಿದವರು.

ನಾಲ್ಕನೆಯ ದಿನ ದೆಯ್ಯಕ್ಕುವಿಗೆ ಭೇದಿ ಹತ್ತಿತು. ರಾಜೀವಿ ಕೊಳೆ ತೊಳೆಯುತ್ತ ತೊಳೆಯುತ್ತ ಸಂತೋಷದಿಂದ ಅತ್ತಳು.

“ಹಿಡೀತು ಅಮ್ಮ! ನಂಜು ಹೋಗ್ತಾ ಉಂಟು!”

ತಾಯಿ ಕಣ್ಣಲ್ಲೇ ಹೌದು ಎಂದಳು.

ಹಿಡಿದ ಮದ್ದನ್ನು ಕಡಿಮೆ ಮಾಡುವವರುಂಟೇ? ಮರುದಿನ ಗಂಜಿ ಹೊತ್ತಿಗೆ ರಾಜೀವಿ ಜೈನಬಮ್ಮನ ಕಿವಿಯಲ್ಲಿ ವಿಷಯ ಹೇಳಿದಳು. ಕೆಲಸ ಬಿಡುವಾಗ ಜೈನಬಮ್ಮ ತನ್ನ ಬೈರಾಸು ಬಿಚ್ಚಿ ಮಡಚಿ ಅವಳ ಬುತ್ತಿಯ ಪಾತ್ರೆಗೆ ತುರುಕಿದಳು. ಪಾತ್ರೆಯ ಮುಚ್ಚಳ ಹಾಕುತ್ತ ಕೇಳಿದಳು, “ಅಲ್ಲ ರಾಜೀವಿ, ನನ್ನ ಬಾಯಿಯ ಎಂಜಲು. ನಿನ್ನ ಅಮ್ಮ ಕುಡಿದಾರಾ?”

ರಾಜೀವಿ ಮದ್ದಿನ ಕಟ್ಟನ್ನು ಸ್ವಲ್ಪ ಮುರಿದು ತಾಯಿಗೆ ಅಷ್ಟು ಮಾತ್ರ ಹೇಳಿದಳು. ದೆಯ್ಯಕ್ಕು ಮುಚ್ಚಿದ ಬಾಯಿಯ ಸಂದಿನಿಂದ ಕಷ್ಟಪಟ್ಟು ಅಂದಳು, “ಜೈನಬನ ಬಾಯಿ ನನ್ನ ಬಾಯಿಗಿಂತ ಚಂದ ಉಂಟು. ಕೊಡು ಇಲ್ಲಿ.”

ವಾರದೊಳಗೆ ಐದು ಜನ ಬೈರಾಸು ಕೊಡುವವರಾದರು. ದೆಯ್ಯಕ್ಕುವಿನ ನೆತ್ತಿಯ ಬಿಳಿಕೂದಲು ದಿಂಬಿನಲ್ಲೇ ಉಳಿಯತೊಡಗಿತು. ನಾಲಗೆ ಸುಲಿಯಿತು. ತೆಳಿ ಕೂಡ ನಿಲ್ಲಲಿಲ್ಲ. ಹದಿನೇಳನೆಯ ದಿನ ಬೆಳಿಗ್ಗೆ ರಾಜೀವಿ ಕೆಲಸಕ್ಕೆ ಹೊರಡುವ ಮೊದಲು ನೀರು ಕುಡಿಸಲು ಎಬ್ಬಿಸಿದಳು. ಏಳಲಿಲ್ಲ.

ಕ್ಯಾನ್ಸರು ಕೊಂಡುಹೋಯಿತು ಎಂದರು ಊರವರು. ಮದ್ದು ತಡವಾಯಿತು ಎಂದು ರಾಜೀವಿ ತನ್ನನ್ನೇ ಬೈದುಕೊಂಡಳು. ಮೊದಲೇ ಗೊತ್ತಾಗಿದ್ದರೆ! ಹದಿಮೂರನೆಯ ದಿನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಹದಿನಾಲ್ಕಕ್ಕೆ ಪುನಃ ಒರಳಿನ ಎದುರು ನಿಂತಳು.

ಇಪ್ಪತ್ತು ದಿನ ಕಳೆದಿರಲಿಲ್ಲ, ಜೈನಬಮ್ಮ ಒನಕೆ ಹಿಡಿದಲ್ಲೇ ಕುಸಿದಳು. ಬೆಳಗಿನಿಂದ ಒಂಬತ್ತು ಸಲ ಭೇದಿಯಾಗಿ ಗುಡ್ಡೆಗೆ ಹೋಗಿ ಬಂದಿದ್ದಳು. ರಾಜೀವಿ ಅವಳನ್ನು ಹೆಗಲಿಗೆ ಆನಿಸಿ ಬಸ್ಸು ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ತಂದಳು. ಡಾ. ವಾಗ್ದೇವಿ ಗ್ಲೂಕೋಸು ಏರಿಸಿದರು. ತಲೆವಸ್ತ್ರ ಸರಿಸಿ ನೋಡಿದರು. ಅಂಗೈ ಅಗಲ ಅಗಲ ಬೋಳು.

“ಎಂತ ಕೆಲಸ ಮಾಡ್ತೀರಿ ನೀವು?”

ರಾಜೀವಿ ಹೇಳಿದಳು. ತೊಗಟೆ, ಒರಳು, ಗೋಣಿ ಹೊಡೆದ ಕಿಟಕಿ, ಧಣಿ ಮೆನೇಜರಿಗೆ ಹೇಳಿದ ಮಾತು. ಹೇಳುತ್ತ ಹೇಳುತ್ತ ಕಷಾಯದ ಮಾತೂ ಬಾಯಿಂದ ಬಿತ್ತು. ಇನ್ನು ಗುಣ ಹೋದರೆಷ್ಟು, ಇದ್ದರೆಷ್ಟು ಎನಿಸಿತ್ತು ಅವಳಿಗೆ. ಡಾಕ್ಟ್ರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಿಕ್ಕ ಪ್ರಾಯದವರು, ಮೂವತ್ತು ದಾಟಿರಲಿಕ್ಕಿಲ್ಲ.

“ಅಮ್ಮನಿಗೆ ಭೇದಿ, ವಾಂತಿ. ಕೂದಲು ಉದುರಿತು. ಬಾಯಿ ಸುಲಿಯಿತು. ಹೌದಾ?”

“ಹೌದು. ನಂಜು ಹೋದದ್ದು.”

“ಅಲ್ಲ ರಾಜೀವಿ.” ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಮರದಲ್ಲಿ ಸತ್ವ ಇರಬಹುದು. ಇಲ್ಲ ಅಂತ ನಾನು ಹೇಳುವುದಿಲ್ಲ. ಎಷ್ಟೋ ಮದ್ದು ಗಿಡಮರದಿಂದಲೇ ಬಂದದ್ದು. ಆದರೆ ಕ್ಯಾನ್ಸರಿನ ಗಡ್ಡೆ ಬೇಗ ಬೇಗ ಬೆಳೀತದೆ. ಅದನ್ನು ಕೊಲ್ಲುವಂಥದ್ದು ಮೈಯಲ್ಲಿ ಬೇಗ ಬೆಳೆಯುವ ಬೇರೆಯದನ್ನೂ ಕೊಲ್ತದೆ. ಕೂದಲು ಬೇಗ ಬೆಳೀತದೆ. ಹೊಟ್ಟೆಯ ಒಳಗಿನ ಪದರ ಬೇಗ ಬೆಳೀತದೆ. ಅದಕ್ಕೆ ಸತ್ವವನ್ನು ಬೇರೆ ಮಾಡಿ, ಕಣ್ಣಿಗೆ ಕಾಣದಷ್ಟು ತೂಕದಲ್ಲಿ, ದಿನಾ ರಕ್ತ ನೋಡಿ ನೋಡಿ ಕೊಡ್ತಾರೆ. ಹಾಗೆ ಕೊಟ್ಟೂ ಫಲ ಉಂಟೋ ಇಲ್ಲವೋ ಅಂತ ಇನ್ನೂ ಪರೀಕ್ಷೆ ಮಾಡ್ತಾ ಇರಬಹುದು. ಸತ್ವ ಬೇರೆ ಮಾಡದ ತೊಗಟೆಯಲ್ಲಿ ಅದು ಮದ್ದಲ್ಲ, ವಿಷ.”

ರಾಜೀವಿ ಕಷಾಯ ಕುಡಿಸಿದ ದಿನಗಳನ್ನು ಬೆರಳಲ್ಲಿ ಎಣಿಸಿದಳು.

“ಹಾಗಾದರೆ ಅಮ್ಮನನ್ನು ಕೊಂದದ್ದು ನಾನಾ?”

“ಕಾಯಿಲೆ ತುಂಬ ಮುಂದೆ ಹೋಗಿತ್ತು…”

“ನಾನಾ, ಅಲ್ವಾ? ಅದು ಹೇಳಿ.”

ಡಾಕ್ಟ್ರಮ್ಮನಿಗೆ ಸುಳ್ಳು ಹೇಳಲು ಬರಲಿಲ್ಲ. “ಇನ್ನೊಂದೆರಡು ತಿಂಗಳು ಇರುತ್ತಿದ್ದರೋ ಏನೋ,” ಎಂದರು.

ಎರಡು ತಿಂಗಳು. ರಾಜೀವಿ ಗೋಡೆಗೆ ಒರಗಿ ನೆಲದಲ್ಲಿ ಕುಳಿತಳು. ಮಂಚದ ಮೇಲಿಂದ ಜೈನಬಮ್ಮ ಕ್ಷೀಣ ದನಿಯಲ್ಲಿ ಕರೆದಳು.

“ರಾಜೀವಿ. ನನಗೆ ಈಗ ಆಗ್ತಾ ಇರುವುದು ನಿನ್ನ ಅಮ್ಮನಿಗೆ ಆದದ್ದೇ ಅಲ್ವಾ? ನಾನು ಕಷಾಯ ಕುಡಿಯಲಿಲ್ಲವಲ್ಲ.”

ಆ ಮಾತಿಗೆ ಡಾಕ್ಟ್ರಮ್ಮನೇ ಬೆಚ್ಚಿದರು. ಕುಡಿಯಲಿಲ್ಲ, ಸರಿ. ಬೈರಾಸು ತಡೆದು ನಿಲ್ಲಿಸಿದ್ದು ಅಷ್ಟಾದರೆ, ತಡೆಯದೆ ಒಳಗೆ ಹೋದದ್ದು ಎಷ್ಟು? ಲೇಬರ್ ಆಫೀಸಿಗೆ ತಾನೇ ಬರೆಯುತ್ತೇನೆ ಎಂದರು. “ಆದರೆ ನಾನು ಬರೆದರೆ ಬರೀ ಕಾಗದ. ಬಂದವರ ಎದುರು ನಿಮ್ಮಲ್ಲಿ ಯಾರಾದರೂ ಬಾಯಿ ಬಿಡಬೇಕು,” ಎಂದರು.

ರಾಜೀವಿ ಮರುದಿನ ಗಂಜಿ ಹೊತ್ತಿಗೆ ಉಳಿದ ಒಂಬತ್ತು ಜನಕ್ಕೂ ಎಲ್ಲ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಬೈರಾಸು ಕೊಟ್ಟ ಹೆಂಗಸರು ತಮ್ಮ ಕೈಯನ್ನೇ ನೋಡಿಕೊಂಡರು. ಗೋಡೆಯಾಚೆ ಬೀಡಿ ಸೇದುತ್ತಿದ್ದ ಚನಿಯಪ್ಪನ ಕಿವಿಗೂ ಅದು ಬಿತ್ತು. ಅವನು ಧಣಿಯ ಅನ್ನ ತಿನ್ನುವವನು, ಹೋಗಿ ಹೇಳಿದ.

ಡಾಕ್ಟ್ರಮ್ಮನ ಕಾಗದ ಲೇಬರ್ ಆಫೀಸಿಗೆ ಮುಟ್ಟಿದ ಸಂಜೆಯೇ ಧಣಿಯ ಕಾರು ರಾಜೀವಿಯ ಗುಡಿಸಲಿನವರೆಗೆ ಬಂತು. ಈ ಜನ್ಮದಲ್ಲಿ ಬಾರದ ಕಾರು. ಧಣಿ ಅಂಗಳದಲ್ಲಿ ನಿಂತೇ ಮಾತಾಡಿದರು. ದನಿ ಮೆತ್ತಗಿತ್ತು.

“ಲೇಬರಿನವರು ಗುರುವಾರ ಬರ್ತಾರೆ. ನೀನು ಎಂತ ಹೇಳುವುದಕ್ಕೂ ಹೋಗ್ಬೇಡ. ಯಾಕೆ ಹೇಳ್ತೇನೆ ಅಂದರೆ, ನಿನ್ನ ಒಳ್ಳೆಯದಕ್ಕೆ. ತಾಯಿಗೆ ವಿಷ ಹಾಕಿದೆ ಅಂತ ಪೊಲೀಸರಿಗೆ ಗೊತ್ತಾದರೆ ಜೈಲು. ಗದ್ದೆ ತೋಟ ಇಲ್ಲದಿದ್ದರೂ ನಿನಗೆ ಒಂದು ಮಾನ ಉಂಟು. ಊರಲ್ಲಿ ತಾಯಿ ಕೊಂದವಳು ಅಂತ ಹೆಸರು ಬಂದರೆ ಯಾರ ಮನೆಯ ಜಗಲಿ ಹತ್ತುತ್ತಿ?”

ಜೈಲಿನ ಮಾತು ರಾಜೀವಿಗೆ ಅಷ್ಟು ತಾಗಲಿಲ್ಲ. ಕೊನೆಯ ಮಾತು ತಾಗಿತು. ತಾಯಿ ಕೊಂದವಳು. ಮೂರು ದಿನ ಅದು ಅವಳ ಕಿವಿಯಲ್ಲಿ ಒನಕೆಯ ಹಾಗೆ ಬೀಳುತ್ತಲೇ ಇತ್ತು. ಸುಮ್ಮನಿದ್ದರೆ ಅದು ಗೋಡೌನಿನ ಒಳಗೇ ಉಳಿಯುತ್ತದೆ. ಹೇಳಿದರೆ ಊರಿಗೆ ಊರೇ ಹೇಳುತ್ತದೆ. ಅಡುಗೆ ಮಾಡಿದಳು, ಉಣ್ಣಲಿಲ್ಲ. ಆಸ್ಪತ್ರೆಗೆ ಹೋಗಿ ಜೈನಬಮ್ಮನ ಪಕ್ಕ ಕುಳಿತಳು. ಜೈನಬಮ್ಮ ಅವಳ ಕೈ ಹಿಡಿದುಕೊಂಡು, “ಹೇಳು ಅಂತ ನಾನು ಹೇಳುವುದಿಲ್ಲ. ನಿನ್ನ ಸಂಕಟ ನಿನಗೆ. ನಾನಂತೂ ಗುರುವಾರ ಬರ್ತೇನೆ,” ಎಂದಳು.

ಗುರುವಾರ ಹನ್ನೊಂದು ಗಂಟೆಗೆ ಲೇಬರ್ ಇನ್ಸ್‌ಪೆಕ್ಟರ್ ತಿರುಮಲೇಶ್ವರ ಬಂದರು. ಬಂದದ್ದು ಧಣಿಯ ಕಾರಿನಲ್ಲಿಯೇ. ಕಿಟಕಿಯ ಗೋಣಿ ಅಂದು ಮಾಯವಾಗಿತ್ತು. ನೆಲ ಸಾರಿಸಿತ್ತು. ಹೆಂಗಸರಿಗೆ ಹಂಚಲು ಬೆಲ್ಲದ ಚಾ ಕೂಡ ಬಂದಿತ್ತು, ಹತ್ತು ತಿಂಗಳಲ್ಲಿ ಮೊದಲ ಸಲ. ಜೈನಬಮ್ಮ ಆಸ್ಪತ್ರೆಯಿಂದ ನೇರ ಬಂದು ಕಂಬಕ್ಕೆ ಒರಗಿ ಕುಳಿತಿದ್ದಳು.

ಇನ್ಸ್‌ಪೆಕ್ಟರು ಪುಡಿಯನ್ನು ದೂರದಿಂದ ನೋಡಿದರು. “ಇದರಿಂದ ಕೆಲಸದವರಿಗೆ ತೊಂದರೆ ಅಂತ ಆಸ್ಪತ್ರೆಯಿಂದ ಕಾಗದ ಬಂದಿದೆ.”

“ಎಂತ ತೊಂದರೆ ಸಾರ್?” ಧಣಿ ನಕ್ಕರು. “ಬರೀ ಮರದ ಹೊಟ್ಟು. ನೀವು ಮನೆಯಲ್ಲಿ ಹಚ್ಚುವ ಅಗರಬತ್ತಿಯ ಹಾಗೆ. ಮಕ್ಕಳು ತಿಂದರೂ ಎಂತ ಆಗ್ಲಿಕ್ಕಿಲ್ಲ.”

ಇನ್ಸ್‌ಪೆಕ್ಟರು ಪುಸ್ತಕ ಬಿಡಿಸಿ, ಧಣಿ ಹೇಳಿದ್ದನ್ನು ಬರೆದುಕೊಂಡರು. ಹಾನಿಯಿಲ್ಲದ ಮರದ ಪುಡಿ. ಬರೆದು, ಹೆಂಗಸರ ಕಡೆ ತಿರುಗಿದರು. “ಯಾರಿಗಾದರೂ ಏನಾದರೂ ಹೇಳಲಿಕ್ಕುಂಟಾ?”

ಹೆಂಗಸರು ಚಾದ ಲೋಟ ನೋಡಿಕೊಂಡರು. ಅವರು ಪೆನ್ನಿನ ಮುಚ್ಚಳ ಹಾಕಲು ಹೊರಟರು.

“ನನಗುಂಟು,” ಎಂದಳು ರಾಜೀವಿ.

ಧಣಿ ಅವಳನ್ನು ನೋಡಿದ ನೋಟಕ್ಕೆ ಬೇರೆ ದಿನವಾಗಿದ್ದರೆ ಅವಳು ನೆಲಕ್ಕಿಳಿಯುತ್ತಿದ್ದಳು. ಅವಳು ಒನಕೆಯನ್ನು ಒರಳಿಗೆ ಒರಗಿಸಿದಳು.

“ಈ ಪುಡಿ ನನ್ನ ಬೈರಾಸಿಗೆ ಅಂಟಿದ್ದನ್ನು ನೀರಲ್ಲಿ ಕುದಿಸಿ ನಾನು ನನ್ನ ಅಮ್ಮನಿಗೆ ಕುಡಿಸಿದೆ. ಹದಿನಾರು ದಿನ. ಹದಿನೇಳನೇ ದಿನ ಸತ್ತರು. ಇವಳಿಗೆ, ಜೈನಬಮ್ಮನಿಗೆ, ಕುಡಿಯದೆಯೇ ಹಾಗೆ ಆಗ್ತಾ ಉಂಟು. ನಮಗೆಲ್ಲ ಆಗ್ತಾ ಉಂಟು.”

ಧಣಿಯ ಮುಖ ಕೆಂಪೇರಿತು. ಮೆತ್ತಗಿನ ದನಿ ಎಲ್ಲಿಗೆ ಹೋಯಿತೋ.

“ಕೇಳಿದಿರಾ ಸಾರ್? ಅವಳ ಬಾಯಲ್ಲೇ ಕೇಳಿದಿರಾ? ಹೆತ್ತ ತಾಯಿಗೆ ವಿಷ ಕೊಟ್ಟವಳು ಇವಳು! ನನ್ನ ಮಾಲು ಕದ್ದು ಕೊಂದದ್ದು! ಇದು ಎಂಥ ವಿಷ ಅಂತ ನನಗೆ ಗೊತ್ತು. ಬರೀ ಕೈಯಲ್ಲಿ ಮುಟ್ಟಬಾರದು, ಧೂಳು ಉಸಿರಿಗೆ ಹೋಗಬಾರದು ಅಂತ ಕಂಪೆನಿಯವರು ಕಾಗದದಲ್ಲಿ ಬರೆದು ಕಳಿಸಿದ್ದಾರೆ, ನನ್ನ ಮೇಜಿನಲ್ಲಿ ಉಂಟು. ಇವಳ ಮೇಲೆ ಕೊಲೆ ಕೇಸು…”

ಅಲ್ಲಿಗೆ ನಿಂತರು. ಇನ್ಸ್‌ಪೆಕ್ಟರು ತಲೆ ಎತ್ತಿದ್ದರು. ಒರಳಿನ ಪಕ್ಕ ನಿಂತಿದ್ದ ಚನಿಯಪ್ಪ ಕೂಡ ತಲೆ ಎತ್ತಿದ್ದ. ತಾಡಪಾಲು ಗುಡಿಸಿದ ತನ್ನ ಎರಡು ಕೈಯನ್ನು ಅವನು ಪಂಚೆಗೆ ಒರಸಿಕೊಂಡ.

“ಆ ಕಾಗದ ಬಂದದ್ದು ಯಾವಾಗ ಧಣಿ?” ಎಂದು ಕೇಳಿದಳು ಕಂಬಕ್ಕೆ ಒರಗಿದ್ದ ಜೈನಬಮ್ಮ.

ಧಣಿ ಕಾರು ತಿರುಗಿಸಲು ಹೊರಗಿನ ಡ್ರೈವರಿಗೆ ಸನ್ನೆ ಮಾಡಿದರು.

“ನಮಗೆ ಯಾಕೆ ಓದಿ ಹೇಳ್ಲಿಲ್ಲ? ನಮಗೆ ಓದಲಿಕ್ಕೆ ಬರುವುದಿಲ್ಲ, ಕೇಳಲಿಕ್ಕೆ ಬರ್ತದಲ್ಲ?”

ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಲು ನೋಡಿದರು. “ಇದು ಈಗ ಬೇರೆ ವಿಷಯ ಆಯಿತು. ಪೊಲೀಸಿಗೆ ಸಂಬಂಧಪಟ್ಟದ್ದು. ನಾನು ಆಫೀಸಿಗೆ ಹೋಗಿ, ವಿಚಾರ ಮಾಡಿ…”

“ಇಲ್ಲಿಯೇ ಬರೀರಿ ಸಾರ್,” ಎಂದಳು ರಾಜೀವಿ.

“ಏನು ಬರೆಯುವುದು? ನಿನ್ನ ಮೇಲೆ ಕೇಸು ಆಗ್ತದೆ, ಗೊತ್ತುಂಟಾ?”

“ಗೊತ್ತುಂಟು. ಅದನ್ನೇ ಬರೀರಿ.”

ಹೆಂಗಸರು ಒಬ್ಬೊಬ್ಬಳಾಗಿ ಒನಕೆ ಕೆಳಗಿಟ್ಟರು. ಜೈನಬಮ್ಮನಲ್ಲದೆ ಬೈರಾಸು ಕೊಟ್ಟಿದ್ದ ನಾಲ್ವರು ಬಂದು ರಾಜೀವಿಯ ಪಕ್ಕ ನಿಂತರು. ಉಳಿದವರು ಬಾಗಿಲಿಗೆ ಅಡ್ಡ ಕುಳಿತರು. ಯಾರೂ ಕೂಗಲಿಲ್ಲ. ಹೊರಗೆ ಡ್ರೈವರು ಕಾರು ಸ್ಟಾರ್ಟು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆರಿಸಿದ. ಹೊರಗೆ ಹೋಗಲು ಬೇರೆ ಬಾಗಿಲಿರಲಿಲ್ಲ. ಇನ್ಸ್‌ಪೆಕ್ಟರು ಧಣಿಯ ಮುಖ ನೋಡಿದರು. ಧಣಿ ಆ ಕಡೆ ನೋಡುತ್ತಿದ್ದರು. ಕೊನೆಗೆ ಇನ್ಸ್‌ಪೆಕ್ಟರು ಪುಸ್ತಕ ಬಿಡಿಸಿದರು. ಹಾನಿಯಿಲ್ಲದ ಮರದ ಪುಡಿ ಎಂದು ಬರೆದ ಸಾಲು ಮೇಲೆಯೇ ಇತ್ತು. ಅದರ ಮೇಲೆ ಪೆನ್ನು ಇಟ್ಟು, ಉದ್ದಕ್ಕೆ ಗೀಟು ಹೊಡೆದರು.

“ಹೇಳು.”

“ಮೊದಲನೇ ಸಾಲಿಗೆ ನನ್ನ ಹೆಸರು ಬರೀರಿ,” ಎಂದಳು ರಾಜೀವಿ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರಸಿಕೊಳ್ಳಲಿಲ್ಲ. “ರಾಜೀವಿ, ದೆಯ್ಯಕ್ಕುವಿನ ಮಗಳು. ಗೊತ್ತಿಲ್ಲದೆ ತಾಯಿಗೆ ವಿಷ ಕೊಟ್ಟವಳು. ಬರೆದಾಯ್ತಾ? ಇನ್ನು ಎರಡನೇ ಸಾಲಿಗೆ, ಗೊತ್ತಿದ್ದು ಕೊಟ್ಟವರ ಹೆಸರು ಬರೀರಿ.”